ಧೂಳು ಮರೆಮಾಡಿದ ಆದಿ ಗೆಲಕ್ಸಿಗಳು

ಕತ್ತಲೆ ತುಂಬಿದ ಕೋಣೆಯೊಳಗೆ ಇಣುಕಿ ನೋಡಿ ಬಂದವನು 'ಅಲ್ಲಿ ಕೊಡವಿಲ್ಲ' ಎಂದರೆ ಆ ಮಾತನ್ನು ನಾವು ಒಪ್ಪುವುದಿಲ್ಲ. ದೀಪ ಹಿಡಿದು ನೋಡಿ ಬಂದವನು ಅದೇ ಮಾತನ್ನು ಹೇಳಿದರೆ ಒಪ್ಪುತ್ತೇವೆ. ಇಬ್ಬರಿಗೂ ಕೊಡ ಕಾಣಲಿಲ್ಲವೆಂಬುದು ನಿಜವೇ. ಆದರೂ ಮೊದಲನೆಯವನ ಕಾಣದಿರುವಿಕೆಯಿಂದ ಏನೂ ಸಿದ್ಧವಾಗುವುದಿಲ್ಲ. ಎರಡನೆಯವನದರಿಂದ ಕೊಡದ ಅಭಾವವು ಸಿದ್ಧವಾಗುತ್ತದೆ. ಈ ವ್ಯತ್ಯಾಸವನ್ನು ನಮ್ಮ ಪ್ರಾಚೀನ ಪ್ರಮಾಣಶಾಸ್ತ್ರಜ್ಞರು ಬಹು ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಅಭಾವಜ್ಞಾನಕ್ಕೆ ಸಾಧನವಾದ ಒಂದು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸಿದರು. ಆದರೆ ಅದಕ್ಕೊಂದು ಕಟ್ಟನ್ನೂ ವಿಧಿಸಿದರು. ವಸ್ತುವು ಅಲ್ಲಿ ಇದ್ದಿದ್ದರೆ ನಮಗೆ ಕಾಣುವುದಕ್ಕೆ ಯೋಗ್ಯವಾಗಿದ್ದಿರಬೇಕು. ಅಂತಹ ಸಂದರ್ಭದಲ್ಲಿಯೂ ಅದು ಕಾಣದಿದ್ದರೆ ಮಾತ್ರ 'ಇಲ್ಲ' ಎನ್ನಬಹುದು. ಇದನ್ನೇ ಅವರು ಯೋಗ್ಯಾನುಪಲಬ್ಧಿಯೆಂದು ಕರೆದರು.

ಕಳೆದ ಕಾಲು ಶತಮಾನದಿಂದೀಚೆಗೆ ಖಗೋಲವಿಜ್ಞಾನಿಗಳು ಇದೇ ಪಾಠವನ್ನು ಬೇರೊಂದು ದಾರಿಯಿಂದ ಕಲಿಯುತ್ತ ಬಂದಿದ್ದಾರೆ. ವಿಶ್ವದ ಬಾಲ್ಯದಲ್ಲಿ ಹುಟ್ಟಿ ಬೆಳೆದ ಅತಿ ದೊಡ್ಡ ನಕ್ಷತ್ರಸಮೂಹಗಳಲ್ಲಿ, ಅಂದರೆ ಗೆಲಕ್ಸಿಗಳಲ್ಲಿ, ಬಹುಪಾಲು ನಮ್ಮ ಅತ್ಯುತ್ತಮ ದೂರದರ್ಶಕಗಳ ಕಣ್ಣಿಗೂ ಬೀಳದೆ ಉಳಿದಿದ್ದುವು. ಅವು ದುರ್ಬಲವಾಗಿದ್ದುದರಿಂದ ಕಾಣದೆ ಹೋದುವಲ್ಲ. ತಮ್ಮೊಳಗಿನ ಧೂಳಿನಿಂದಲೇ ಮುಸುಕಲ್ಪಟ್ಟು ಕಾಣದೆ ಹೋದುವು. ಅವನ್ನು ಲೆಕ್ಕಕ್ಕೆ ಸೇರಿಸದೆ ಬರೆದ ವಿಶ್ವದ ಚರಿತ್ರೆ ಅಪೂರ್ಣ ಮಾತ್ರವಲ್ಲ, ಕೆಲವು ಮುಖ್ಯ ವಿಷಯಗಳಲ್ಲಿ ತಪ್ಪೂ ಆಗಿತ್ತು. ಆ ಮರೆಯ ಗೆಲಕ್ಸಿಗಳನ್ನು ಹುಡುಕಿದ ಬಗೆಯನ್ನು ಯಥಾಶಕ್ತಿ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ಮನೆಯಂಗಳದ ಧೂಳನ್ನೇ ನೋಡೋಣ. ಊರಿನ ದೀಪಗಳಿಂದ ದೂರ ಸರಿದು, ಚಂದ್ರನಿಲ್ಲದ ನಿರ್ಮಲವಾದ ರಾತ್ರಿಯಲ್ಲಿ ಆಕಾಶಗಂಗೆಯನ್ನು ದಿಟ್ಟಿಸಿದವರಿಗೆ ಅದರ ಹಾಲುಬಿಳುಪಿನ ನಡುವೆ ಉದ್ದಕ್ಕೂ ಕಪ್ಪು ಸೀಳೊಂದು ಹಾದುಹೋಗಿರುವುದು ಕಾಣುತ್ತದೆ. ರಾಜಹಂಸ ಪುಂಜದಿಂದ ಧನುರಾಶಿಯ ಕಡೆಗೆ ಅದು ಹಬ್ಬಿದೆ. ಹದಿನೆಂಟನೆಯ ಶತಮಾನದ ಮಹಾ ವೀಕ್ಷಕನಾದ ವಿಲಿಯಂ ಹರ್ಷೆಲನು ಇಂತಹ ಕಪ್ಪು ಪ್ರದೇಶಗಳನ್ನು ನಕ್ಷತ್ರಗಳೇ ಇಲ್ಲದ ತೆರಪುಗಳೆಂದು ಭಾವಿಸಿದ್ದನು. ಅಮೆರಿಕದ ಎಡ್ವರ್ಡ್ ಬಾರ್ನಾರ್ಡ್ ಛಾಯಾಚಿತ್ರಗಳ ನೆರವಿನಿಂದ ೧೯೧೯ರಲ್ಲಿ ಇಂತಹ ೧೮೨ ಕಪ್ಪು ಪ್ರದೇಶಗಳ ಪಟ್ಟಿಯನ್ನು ಪ್ರಕಟಿಸಿದನು. ಅವುಗಳಲ್ಲಿ ಹಲವು ತೆರಪುಗಳಲ್ಲ, ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ತೆರೆಗಳು ಎಂಬ ಅರಿವು ಮೆಲ್ಲಮೆಲ್ಲನೆ ಮೂಡಿತು. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದ ರಾಬರ್ಟ್ ಟ್ರಂಪ್ಲರ್ ೧೯೩೦ರಲ್ಲಿ ನಕ್ಷತ್ರಗುಚ್ಛಗಳ ಗಾತ್ರವನ್ನೂ ಕಾಂತಿಯನ್ನೂ ಹೋಲಿಸಿ ನೋಡಿದಾಗ, ದೂರದ ಗುಚ್ಛಗಳು ಇರಬೇಕಾದುದಕ್ಕಿಂತ ಹೆಚ್ಚು ಮಂಕಾಗಿರುವುದು ಕಂಡುಬಂದಿತು. ನಕ್ಷತ್ರಗಳ ನಡುವಣ ಅವಕಾಶದಲ್ಲೆಲ್ಲ ಬೆಳಕನ್ನು ಹೀರುವ ಪದಾರ್ಥವು ತೆಳುವಾಗಿ ಹರಡಿದೆಯೆಂದು ಇದರಿಂದ ಸಿದ್ಧವಾಯಿತು. ಅದಕ್ಕೆ ಹನ್ನೆರಡು ವರ್ಷಗಳ ಹಿಂದೆ ಹಾರ್ಲೊ ಶೇಪ್ಲಿ ನಮ್ಮ ಗೆಲಕ್ಸಿಯ ವ್ಯಾಸವನ್ನು ಸುಮಾರು ೩ ಲಕ್ಷ ಜ್ಯೋತಿರ್ವರ್ಷಗಳೆಂದು ಎಣಿಸಿದ್ದನು. ಇಂದು ಒಪ್ಪಿತವಾದ ಅಳತೆ ಸುಮಾರು ೧ ಲಕ್ಷ ಜ್ಯೋತಿರ್ವರ್ಷ. ಅವನ ಎಣಿಕೆ ಅಷ್ಟು ಹಿಗ್ಗಿದುದಕ್ಕೆ ಧೂಳನ್ನು ಗಣಿಸದೆ ಹೋದುದೂ ಒಂದು ಕಾರಣ. ಧೂಳನ್ನು ಉಪೇಕ್ಷಿಸಿದವರಿಗೆ ಅದು ದಂಡ ವಿಧಿಸದೆ ಬಿಟ್ಟುದಿಲ್ಲ.

ಈ ಧೂಳು ನಮ್ಮ ಬೀದಿಯ ಮಣ್ಣಿನಂತಹುದಲ್ಲ. ಅದರ ಕಣಗಳು ಬಹುತೇಕ ಒಂದು ಮೈಕ್ರಾನಿಗಿಂತಲೂ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ, ಚಿಕ್ಕವು. ಇಂಗಾಲ, ಸಿಲಿಕಾನ್, ಆಮ್ಲಜನಕ, ಕಬ್ಬಿಣ, ಮೆಗ್ನೀಸಿಯಂ ಮುಂತಾದ ಧಾತುಗಳು ಇದರಲ್ಲಿವೆ. ಈ ಧಾತುಗಳು ವಿಶ್ವದ ಆದಿಯಲ್ಲಿ ಇರಲಿಲ್ಲ. ನಕ್ಷತ್ರಗಳ ಒಡಲೊಳಗೆ ಬೆಂದು ಸಿದ್ಧವಾದುವು. ಮುಪ್ಪಾದ ಕೆಂಪು ದೈತ್ಯ ನಕ್ಷತ್ರಗಳು ತಮ್ಮ ಹೊರಪದರಗಳನ್ನು ಹೊರಚೆಲ್ಲುವಾಗ, ಭಾರಿ ನಕ್ಷತ್ರಗಳು ಸಿಡಿದು ಸಾಯುವಾಗ, ಆ ಅನಿಲವು ತಣಿದು ಕಣಗಳಾಗಿ ಹೆಪ್ಪುಗಟ್ಟುತ್ತದೆ. ನಮ್ಮ ಗೆಲಕ್ಸಿಯಲ್ಲಿ ನಕ್ಷತ್ರಗಳ ನಡುವೆ ಇರುವ ಅನಿಲದ ತೂಕಕ್ಕೆ ಹೋಲಿಸಿದರೆ ಧೂಳಿನ ತೂಕ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ಇಷ್ಟು ಅಲ್ಪ ಪ್ರಮಾಣದ ಧೂಳಿಗೆ ಇರುವ ಮರೆಮಾಡುವ ಶಕ್ತಿ ಅಪಾರ. ಸಂಜೆಯ ಸೂರ್ಯನು ಕೆಂಪಾಗಿ ಕಾಣುವುದನ್ನು ಎಲ್ಲರೂ ಬಲ್ಲರು. ವಾಯುಮಂಡಲದ ದಟ್ಟ ಪದರವನ್ನು ಹಾದು ಬರುವಾಗ ನೀಲಿ ಬೆಳಕು ಚದುರಿಹೋಗಿ ಕೆಂಪು ಬೆಳಕು ಮಾತ್ರ ನಮ್ಮನ್ನು ತಲಪುತ್ತದೆ. ನಕ್ಷತ್ರಧೂಳಿನ ಪರಿಣಾಮವೂ ಹೆಚ್ಚುಕಡಿಮೆ ಹಾಗೆಯೇ. ಅತಿನೇರಿಳೆ ಮತ್ತು ನೀಲಿ ಕಿರಣಗಳಿಗೆ ಅದು ಗೋಡೆ, ಕೆಂಪಿಗೆ ತೆಳುಪರದೆ, ಕೆಂಪಿನಾಚೆಯ ಅವಕೆಂಪು ಕಿರಣಗಳಿಗೆ ಬಹುಮಟ್ಟಿಗೆ ತೆರೆದ ಬಾಗಿಲು.

ಇಲ್ಲಿ ಇನ್ನೊಂದು ಮುಖ್ಯಾಂಶವನ್ನು ಗಮನಿಸಬೇಕು. ಧೂಳು ನುಂಗಿದ ಬೆಳಕು ನಾಶವಾಗುವುದಿಲ್ಲ. ಅದರಿಂದ ಕಣಗಳು ಕಾಯುತ್ತವೆ. ಕಾಯುತ್ತವೆ ಎಂದರೂ ನಮ್ಮ ಲೋಕದ ಮಾತಿನಲ್ಲಿ ಅದು ಘೋರ ಶೈತ್ಯವೇ: ಸೊನ್ನೆಗಿಂತ ಕೆಳಗೆ ಇನ್ನೂರಿಪ್ಪತ್ತು, ಇನ್ನೂರೈವತ್ತು ಡಿಗ್ರಿ ಸೆಂಟಿಗ್ರೇಡ್. ಆದರೂ ನಿರಪೇಕ್ಷ ಶೂನ್ಯಕ್ಕಿಂತ ಅದು ಬೆಚ್ಚಗಿರುವುದರಿಂದ, ನುಂಗಿದ ಶಕ್ತಿಯನ್ನೆಲ್ಲ ಆ ಕಣಗಳು ಸುಮಾರು ನೂರು ಮೈಕ್ರಾನ್ ಅಲೆಯುದ್ದದ ದೂರಾವಕೆಂಪು ಕಿರಣಗಳಾಗಿ ಹೊರಸೂಸುತ್ತವೆ. ಬೂದಿ ಮುಚ್ಚಿದ ಕೆಂಡದ ಉಪಮಾನ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಲೆಯೊಳಗೆ ಬೂದಿ ಮುಚ್ಚಿಕೊಂಡ ಕೆಂಡವನ್ನು ಕಣ್ಣು ಕಾಣದು. ಮೇಲೆ ಕೈ ಚಾಚಿದರೆ ಅಂಗೈ ಅದನ್ನು ಅರಿಯುತ್ತದೆ. ೧೮೦೦ರಲ್ಲಿ ಹರ್ಷೆಲನು ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ, ಕೆಂಪು ಬಣ್ಣದಾಚೆ ಏನೂ ಕಾಣದ ಸ್ಥಳದಲ್ಲಿ ಉಷ್ಣಮಾಪಕವನ್ನಿಟ್ಟು, ಅದರ ಪಾದರಸವು ಏರುವುದನ್ನು ಕಂಡಿದ್ದನು. ಅವಕೆಂಪು ಕಿರಣಗಳು ಪತ್ತೆಯಾದುದು ಹೀಗೆ. ಕಪ್ಪು ಪ್ರದೇಶಗಳನ್ನು ತೆರಪುಗಳೆಂದು ತಿಳಿದ ಅದೇ ಹರ್ಷೆಲನು ಆ ಮರೆಯನ್ನು ಭೇದಿಸುವ ಕಿರಣವನ್ನೂ ಕಂಡುಹಿಡಿದನೆಂಬುದು ವಿಜ್ಞಾನದ ಇತಿಹಾಸದ ಒಂದು ಸ್ವಾರಸ್ಯ.

ಅವಕೆಂಪಿನ ಬಹುಪಾಲನ್ನು ಭೂಮಿಯ ವಾಯುಮಂಡಲದ ನೀರಾವಿ ತಡೆಹಿಡಿಯುತ್ತದೆ. ಆದುದರಿಂದ ಈ ಅಂಗೈಯನ್ನು ವಾಯುಮಂಡಲದ ಹೊರಗೆ ಚಾಚಬೇಕಾಯಿತು. ೧೯೮೩ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್, ಬ್ರಿಟನ್ ದೇಶಗಳು ಕೂಡಿ ಹಾರಿಸಿದ ಐರಾಸ್ ಉಪಗ್ರಹವು ಹತ್ತು ತಿಂಗಳ ಕಾಲ ಆಕಾಶದ ಬಹುಭಾಗವನ್ನು ದೂರಾವಕೆಂಪಿನಲ್ಲಿ ಸಮೀಕ್ಷಿಸಿತು. ಸಾಮಾನ್ಯ ಛಾಯಾಚಿತ್ರಗಳಲ್ಲಿ ವಿಶೇಷವೇನೂ ಇಲ್ಲದ ಕೆಲವು ಗೆಲಕ್ಸಿಗಳು ಒಂದು ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚು ಪ್ರಕಾಶವನ್ನು ಅವಕೆಂಪಿನಲ್ಲಿ ಸುರಿಸುತ್ತಿರುವುದು ತಿಳಿದುಬಂದಿತು. ಸುಮಾರು ೨೫ ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ ೨೨೦ ಎಂಬುದು ಇವುಗಳ ಮಾದರಿ. ಎರಡು ಗೆಲಕ್ಸಿಗಳು ಒಂದನ್ನೊಂದು ಕೂಡಿಕೊಳ್ಳುತ್ತಿರುವಾಗ ಅಲ್ಲಿ ಹೊಸ ನಕ್ಷತ್ರಗಳು ಪ್ರಚಂಡ ವೇಗದಿಂದ ಹುಟ್ಟುತ್ತಿವೆ. ಆದರೆ ಆ ಬೆಳಕೆಲ್ಲ ಧೂಳಿನೊಳಗೆ ಅಡಗಿದೆ. ಮುಂದೆ ೧೯೮೯ರಲ್ಲಿ ಹಾರಿದ ಕೋಬ್ ಉಪಗ್ರಹದ ಅಳತೆಗಳನ್ನು ವಿಶ್ಲೇಷಿಸಿದಾಗ, ೧೯೯೬ರಿಂದ ೧೯೯೮ರ ಅವಧಿಯಲ್ಲಿ, ಇನ್ನೂ ದೊಡ್ಡ ಸಂಗತಿಯೊಂದು ಹೊರಬಿದ್ದಿತು. ಆಕಾಶದ ಎಲ್ಲ ದಿಕ್ಕುಗಳಿಂದಲೂ ಮಂದವಾದ ದೂರಾವಕೆಂಪು ಹಿನ್ನೆಲೆಯ ಬೆಳಕು ಬರುತ್ತಿದೆ. ವಿಶ್ವದ ಚರಿತ್ರೆಯಲ್ಲಿ ಗೆಲಕ್ಸಿಗಳು ಸೂಸಿದ ಒಟ್ಟು ಬೆಳಕಿನಲ್ಲಿ ಸುಮಾರು ಅರ್ಧದಷ್ಟು ಧೂಳಿನಿಂದ ನುಂಗಲ್ಪಟ್ಟು ಈ ರೂಪದಲ್ಲಿ ನಮ್ಮನ್ನು ತಲಪುತ್ತಿದೆಯೆಂದು ಇದರ ಅರ್ಥ. ಬರಿಯ ಕಣ್ಣಿನ ಬೆಳಕನ್ನೇ ನಂಬಿದ ಲೆಕ್ಕಿಗನ ಖಾತೆಯಲ್ಲಿ ಅರ್ಧ ಹಣ ಬರೆಯದೆ ಉಳಿದಿತ್ತು. ಆ ಹಣ ಯಾರದೆಂಬುದೇ ಮುಂದಿನ ಪ್ರಶ್ನೆ.

ಈ ಪ್ರಶ್ನೆಯ ಗಹನತೆಯನ್ನು ತಿಳಿಯಲು ದೂರವೆಂಬುದು ಕಾಲವೂ ಹೌದೆಂಬುದನ್ನು ನೆನೆಯಬೇಕು. ವಿಶ್ವಕ್ಕೆ ಇಂದು ಸುಮಾರು ೧,೩೮೦ ಕೋಟಿ ವರ್ಷಗಳ ವಯಸ್ಸು. ಬೆಳಕು ನಮ್ಮನ್ನು ತಲಪಲು ೧,೨೦೦ ಕೋಟಿ ವರ್ಷ ಹಿಡಿದಿದ್ದರೆ, ಅದನ್ನು ಸೂಸಿದ ಗೆಲಕ್ಸಿಯನ್ನು ನಾವು ನೋಡುತ್ತಿರುವುದು ವಿಶ್ವದ ಎಳೆಯ ಪ್ರಾಯದಲ್ಲಿ. ಬೆಳಕು ಪಯಣಿಸುತ್ತಿರುವಾಗ ಅವಕಾಶವೇ ಹಿಗ್ಗುತ್ತಿರುವುದರಿಂದ ಅದರ ಅಲೆಯೂ ಹಿಗ್ಗಿ ಕೆಂಪಿನ ಕಡೆಗೆ ಸರಿಯುತ್ತದೆ. ಇದನ್ನು ಕೆಂಪು ಪಲ್ಲಟವೆನ್ನುತ್ತಾರೆ. ಪಲ್ಲಟದ ಅಂಕ ೪ ಆಗಿದ್ದರೆ ಅಲೆಯುದ್ದ ೫ ಪಟ್ಟು ಹಿಗ್ಗಿದೆಯೆಂದು ಅರ್ಥ. ಹಬಲ್ ದೂರದರ್ಶಕದ ಅತ್ಯಂತ ಕೆಂಪಾದ ಜರಡಿ ಸ್ವೀಕರಿಸುವುದು ೧.೬ ಮೈಕ್ರಾನಿನ ಸುತ್ತಣ ಬೆಳಕನ್ನು. ಪಲ್ಲಟ ೪ರ ಗೆಲಕ್ಸಿಯಲ್ಲಿ ಆ ಬೆಳಕು ಹೊರಟಾಗ ಕೇವಲ ೦.೩೨ ಮೈಕ್ರಾನಿನ ಅತಿನೇರಿಳೆಯಾಗಿತ್ತು. ಧೂಳು ಮೊದಲು ನುಂಗುವುದು ಅದನ್ನೇ ಅಲ್ಲವೆ? ಹೀಗಾಗಿ ಆದಿವಿಶ್ವದಲ್ಲಿ ಹಬಲ್ಲಿಗೆ ಕಂಡ ಗೆಲಕ್ಸಿಗಳು ಬಹುಮಟ್ಟಿಗೆ ಧೂಳಿಲ್ಲದ, ಚಿಕ್ಕ, ಎಳೆಯ ಗೆಲಕ್ಸಿಗಳಾಗಿದ್ದುವು. ದೊಡ್ಡ ಗೆಲಕ್ಸಿಯಲ್ಲಿ ನಕ್ಷತ್ರಗಳು ಹೆಚ್ಚು. ನಕ್ಷತ್ರಗಳು ಹೆಚ್ಚಿದಷ್ಟೂ ಅವು ಹುಟ್ಟಿಸಿದ ಧೂಳು ಹೆಚ್ಚು. ಆದುದರಿಂದ ಹಿರಿದಾದಷ್ಟೂ ಮರೆಯಾಗುವ ಸಂಭವವೇ ಅಧಿಕ. ಯೋಗ್ಯತೆಯಿಲ್ಲದ ಉಪಕರಣದ ಅನುಪಲಬ್ಧಿಯಿಂದ 'ಆದಿವಿಶ್ವದಲ್ಲಿ ದೊಡ್ಡ ಗೆಲಕ್ಸಿಗಳು ಅಪೂರ್ವ' ಎಂಬ ನಿರ್ಣಯಕ್ಕೆ ಬರುವ ಅಪಾಯ ಇಲ್ಲಿತ್ತು.

ಒಂದು ನಿಜವಾದ ದೃಷ್ಟಾಂತವನ್ನು ನೋಡೋಣ. ೧೯೯೫ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವು ಸಪ್ತರ್ಷಿಮಂಡಲದ ಒಂದು ಅತಿ ಚಿಕ್ಕ ತುಣುಕನ್ನು ಹತ್ತು ದಿನಗಳ ಕಾಲ ಎವೆಯಿಕ್ಕದೆ ನೋಡಿ ೩೪೨ ಚಿತ್ರಗಳನ್ನು ತೆಗೆಯಿತು. ಅವನ್ನು ಕೂಡಿಸಿದಾಗ ಸುಮಾರು ೩,೦೦೦ ಗೆಲಕ್ಸಿಗಳು ಕಂಡುವು. ಅಲ್ಲಿಯವರೆಗೆ ಮಾನವನು ಪಡೆದ ಅತ್ಯಂತ ಆಳವಾದ ನೋಟ ಅದಾಗಿತ್ತು. ೧೯೯೮ರಲ್ಲಿ ಡೇವಿಡ್ ಹ್ಯೂಸ್ ಮತ್ತು ಸಂಗಡಿಗರು ಹವಾಯಿ ದ್ವೀಪದ ಮೌನಾ ಕೇಯ ಶಿಖರದಲ್ಲಿರುವ ೧೫ ಮೀಟರ್ ವ್ಯಾಸದ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ದೂರದರ್ಶಕಕ್ಕೆ ಸ್ಕೂಬಾ ಎಂಬ ಗ್ರಾಹಕವನ್ನು ಜೋಡಿಸಿ, ಅದೇ ತುಣುಕನ್ನು ೮೫೦ ಮೈಕ್ರಾನ್ ಅಲೆಯುದ್ದದಲ್ಲಿ ನೋಡಿದರು. ಅಲ್ಲಿ ಐದು ಮೂಲಗಳು ಕಂಡುವು. ಅವುಗಳಲ್ಲಿ ಅತ್ಯಂತ ಪ್ರಕಾಶಮಾನವಾದ, ಎಚ್‌ಡಿಎಫ್ ೮೫೦.೧ ಎಂದು ಹೆಸರಿಸಲಾದ ಮೂಲಕ್ಕೆ ಸರಿಹೊಂದುವ ಗೆಲಕ್ಸಿಯು ಹಬಲ್ಲಿನ ಮೂರು ಸಾವಿರದ ಸಮೂಹದಲ್ಲಿ ನಿಶ್ಚಯವಾಗಿ ಸಿಗಲಿಲ್ಲ. ಅತ್ಯಂತ ಆಳವಾದ ನೋಟದ ನಟ್ಟನಡುವೆಯೇ ಒಂದು ಮಹಾ ಗೆಲಕ್ಸಿ ಅಡಗಿ ಕುಳಿತಿತ್ತು!

೮೫೦ ಮೈಕ್ರಾನಿನ ನೋಟಕ್ಕೆ ಒಂದು ಅಚ್ಚರಿಯ ಗುಣವಿದೆ. ಸಾಮಾನ್ಯವಾಗಿ ದೀಪ ದೂರ ಸರಿದಷ್ಟೂ ಮಂಕಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಧೂಳಿನ ಕಾವು ನೂರು ಮೈಕ್ರಾನಿನ ಸುಮಾರಿಗೆ ಪರಾಕಾಷ್ಠೆ ಮುಟ್ಟಿ, ಅದಕ್ಕಿಂತ ಉದ್ದದ ಅಲೆಗಳಲ್ಲಿ ಕಡಿದಾಗಿ ಇಳಿಯುತ್ತದೆ. ಪಲ್ಲಟ ೧ರ ಗೆಲಕ್ಸಿಯಿಂದ ನಮ್ಮನ್ನು ೮೫೦ ಮೈಕ್ರಾನಾಗಿ ತಲಪುವುದು ೪೨೫ ಮೈಕ್ರಾನಿನ ಕ್ಷೀಣಭಾಗ. ಪಲ್ಲಟ ೫ರ ಗೆಲಕ್ಸಿಯಿಂದ ತಲಪುವುದು ಸುಮಾರು ೧೪೦ ಮೈಕ್ರಾನಿನ ಉಜ್ಜ್ವಲಭಾಗ. ದೂರದಿಂದಾದ ನಷ್ಟವನ್ನು ಪಲ್ಲಟದಿಂದಾದ ಲಾಭವು ಬಹುಮಟ್ಟಿಗೆ ತುಂಬಿಕೊಡುತ್ತದೆ. ಆದುದರಿಂದ ಈ ಕಿಟಕಿಯಲ್ಲಿ ಎಂಟುನೂರು ಕೋಟಿ ವರ್ಷ ಹಿಂದಿನ ಗೆಲಕ್ಸಿಯೂ ಸಾವಿರದಿನ್ನೂರು ಕೋಟಿ ವರ್ಷ ಹಿಂದಿನ ಗೆಲಕ್ಸಿಯೂ ಸುಮಾರಾಗಿ ಸಮಾನವಾಗಿ ಬೆಳಗುತ್ತವೆ.

ಗುಣದ ಹಿಂದೆಯೇ ದೋಷವೂ ಇದೆ. ಎಲ್ಲ ದೂರಗಳಲ್ಲಿಯೂ ಸಮಾನವಾಗಿ ಬೆಳಗುವ ದೀಪದ ಕಾಂತಿಯಿಂದ ಅದರ ದೂರವನ್ನು ಅರಿಯುವುದು ಹೇಗೆ? ಮೇಲಾಗಿ ಅಷ್ಟು ಉದ್ದದ ಅಲೆಗಳಲ್ಲಿ ಒಂಟಿ ದೂರದರ್ಶಕದ ನೋಟ ಮಸುಕು. ಬೀದಿಯಲ್ಲಿ ದನಿ ಕೇಳಿಸಿತು, ಯಾವ ಮನೆಯದೆಂದು ತಿಳಿಯಲಿಲ್ಲ ಎಂಬಂತಹ ಸ್ಥಿತಿ. ಎಚ್‌ಡಿಎಫ್ ೮೫೦.೧ರ ವಿಳಾಸ ತಿಳಿಯಲು ಹದಿನಾಲ್ಕು ವರ್ಷ ಹಿಡಿಯಿತು. ೨೦೧೨ರಲ್ಲಿ ಫೇಬಿಯನ್ ವಾಲ್ಟರ್ ಮತ್ತು ಸಂಗಡಿಗರು, ಮುಖ್ಯವಾಗಿ ಫ್ರಾನ್ಸಿನ ಆಲ್ಪ್ಸ್ ಪರ್ವತದ ಮೇಲಿನ ರೇಡಿಯೊ ದೂರದರ್ಶಕ ಸಮೂಹದ ನೆರವಿನಿಂದ, ಅದರ ರೋಹಿತದಲ್ಲಿ ಇಂಗಾಲದ ಮಾನಾಕ್ಸೈಡಿನ ಮತ್ತು ಅಯಾನೀಕೃತ ಇಂಗಾಲದ ರೇಖೆಗಳನ್ನು ಗುರುತಿಸಿದರು. ಪ್ರತಿಯೊಂದು ಧಾತುವಿನ ರೇಖೆಯೂ ತನ್ನದೇ ಆದ ಅಲೆಯುದ್ದವನ್ನು ಹೊಂದಿರುವುದರಿಂದ ಅದು ಎಷ್ಟು ಹಿಗ್ಗಿದೆಯೆಂದು ಅಳೆದರೆ ಪಲ್ಲಟ ನಿಸ್ಸಂದೇಹವಾಗಿ ದೊರೆಯುತ್ತದೆ. ಅದು ೫.೧೮ ಎಂದು ತಿಳಿಯಿತು. ಅಂದರೆ ವಿಶ್ವಕ್ಕೆ ಸುಮಾರು ೧೧೦ ಕೋಟಿ ವರ್ಷ ವಯಸ್ಸಾಗಿದ್ದಾಗಿನ ಗೆಲಕ್ಸಿ ಅದು. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯ ಹೊಸ ನಕ್ಷತ್ರಗಳಾಗುತ್ತಿದ್ದರೆ ಅಲ್ಲಿ ವರ್ಷಕ್ಕೆ ಸುಮಾರು ೮೫೦ ಸೂರ್ಯರಷ್ಟು ಆಗುತ್ತಿತ್ತು.

ಇಂತಹವು ಅಪರೂಪದ ಅತಿರೇಕಗಳೇ, ಅಥವಾ ಒಂದು ದೊಡ್ಡ ವರ್ಗದ ತುದಿ ಮಾತ್ರವೇ? ಇದನ್ನು ತಿಳಿಯಲು ನೋಟದ ಮಸುಕನ್ನು ನಿವಾರಿಸಬೇಕಾಗಿತ್ತು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ಸುಮಾರು ೫,೦೦೦ ಮೀಟರ್ ಎತ್ತರದ ಚಾನಂಟೋರ್ ಪ್ರಸ್ಥಭೂಮಿಯಲ್ಲಿ, ನೀರಾವಿ ಬಹು ವಿರಳವಾದ ಗಾಳಿಯ ನಡುವೆ, ೬೬ ಬಟ್ಟಲುಗಳು ಒಂದೇ ಕಣ್ಣಾಗಿ ನೋಡುವಂತೆ ಕಟ್ಟಿದ ಆಲ್ಮಾ ವೀಕ್ಷಣಾಲಯವು ೨೦೧೩ರಲ್ಲಿ ಉದ್ಘಾಟನೆಯಾಯಿತು. ಇದರ ನೋಟ ಹಬಲ್ಲಿನಷ್ಟೇ ಚುರುಕು. ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಕ್ಷಿಣ ಧ್ರುವದ ದೂರದರ್ಶಕವು ಮೊದಲು ಗುರುತಿಸಿದ್ದ ಎಸ್‌ಪಿಟಿ ೦೩೧೧-೫೮ ಎಂಬ ಮೂಲವು ವಾಸ್ತವವಾಗಿ ಪರಸ್ಪರ ಕೂಡಿಕೊಳ್ಳುತ್ತಿರುವ ಎರಡು ಗೆಲಕ್ಸಿಗಳೆಂದು ಆಲ್ಮಾ ತೋರಿಸಿತು. ಮಹಾಸ್ಫೋಟವಾಗಿ ೭೮ ಕೋಟಿ ವರ್ಷ ಮಾತ್ರ ಕಳೆದಿದ್ದಾಗ ಅವುಗಳಲ್ಲಿ ಹಿರಿಯದು ವರ್ಷಕ್ಕೆ ಸುಮಾರು ೨,೯೦೦ ಸೂರ್ಯರಷ್ಟು ನಕ್ಷತ್ರಗಳನ್ನು ಹೆರುತ್ತಿತ್ತು.

ಆದರೆ ಹೆಚ್ಚಿನ ಮಹತ್ತ್ವದ ಶೋಧ ಇಂತಹ ವಿಸ್ಮಯಗಳದ್ದಲ್ಲ, ಸಾಧಾರಣವಾದವುಗಳದ್ದು. ಟೋಕಿಯೊ ವಿಶ್ವವಿದ್ಯಾಲಯದಲ್ಲಿದ್ದ ತಾವೊ ವಾಂಗ್ ಮತ್ತು ಸಂಗಡಿಗರು ೨೦೧೯ರಲ್ಲಿ ಒಂದು ಸರಳವಾದ ಉಪಾಯವನ್ನು ಅನುಸರಿಸಿದರು. ಸ್ಪಿಟ್ಜರ್ ಅವಕೆಂಪು ದೂರದರ್ಶಕಕ್ಕೆ ೪.೫ ಮೈಕ್ರಾನಿನಲ್ಲಿ ಚೆನ್ನಾಗಿ ಕಂಡೂ, ಅದಕ್ಕಿಂತ ಬಹು ಶಕ್ತವಾದ ಹಬಲ್ಲಿಗೆ ೧.೬ ಮೈಕ್ರಾನಿನಲ್ಲಿ ಸ್ವಲ್ಪವೂ ಕಾಣದ ಬಿಂದುಗಳು ಯಾವುವು? ಅಂತಹ ೬೩ ಬಿಂದುಗಳನ್ನು ಆರಿಸಿ ಆಲ್ಮಾದಿಂದ ನೋಡಿದಾಗ ೩೯ರಲ್ಲಿ ಧೂಳಿನ ಕಾವು ಕಂಡಿತು. ಬೂದಿಯ ಮೇಲೆ ಚಾಚಿದ ಅಂಗೈಗೆ ಬಿಸಿ ತಗುಲಿತು. ಇವು ವಿಶ್ವದ ಮೊದಲ ಇನ್ನೂರು ಕೋಟಿ ವರ್ಷಗಳ ಭಾರಿ ಗೆಲಕ್ಸಿಗಳು. ವರ್ಷಕ್ಕೆ ಸುಮಾರು ೨೦೦ ಸೂರ್ಯರಷ್ಟು ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದುವು. ಇವುಗಳ ಸಂಖ್ಯೆಯನ್ನು ಗಣಿಸಿದರೆ, ಅದೇ ಕಾಲದ, ಅಷ್ಟೇ ದ್ರವ್ಯರಾಶಿಯ, ಅತಿನೇರಿಳೆಯಲ್ಲಿ ಕಾಣುವ ಗೆಲಕ್ಸಿಗಳಿಗಿಂತ ನಕ್ಷತ್ರಜನನಕ್ಕೆ ಇವುಗಳ ಕೊಡುಗೆ ಸುಮಾರು ಹತ್ತು ಪಟ್ಟು. ಅಂದರೆ ಹಿರಿಯ ಗೆಲಕ್ಸಿಗಳ ಮಟ್ಟಿಗೆ ನಾವು ಕಂಡಿದ್ದುದು ಅಪವಾದವನ್ನು. ಕಾಣದೆ ಉಳಿದುದು ನಿಯಮವನ್ನು. ೨೦೨೧ರಲ್ಲಿ ಯೊಶಿನೊಬು ಫುದಮೊತೊ ಅವರ ತಂಡವು ಬೇರೆ ಗೆಲಕ್ಸಿಗಳನ್ನು ಆಲ್ಮಾದಿಂದ ಪರಿಶೀಲಿಸುತ್ತಿದ್ದಾಗ, ಪಕ್ಕದಲ್ಲಿಯೇ, ಹಬಲ್ಲಿನ ಚಿತ್ರದಲ್ಲಿ ಏನೂ ಇಲ್ಲದ ಎಡೆಯಲ್ಲಿ, ಪಲ್ಲಟ ೬.೬೮ ಮತ್ತು ೭.೩೫ರ ಎರಡು ಧೂಳು ಮುಸುಕಿದ ಗೆಲಕ್ಸಿಗಳು ಹುಡುಕದೆಯೇ ಸಿಕ್ಕುವು.

ಇದರಿಂದ ಒಂದು ಹಳೆಯ ಒಗಟೂ ಬಿಡಿಸತೊಡಗಿತು. ಮಹಾಸ್ಫೋಟವಾಗಿ ಇನ್ನೂರು ಕೋಟಿ ವರ್ಷ ತುಂಬುವ ಮೊದಲೇ ಬೆಳೆದು, ನಕ್ಷತ್ರಗಳನ್ನು ಹುಟ್ಟಿಸುವುದನ್ನು ನಿಲ್ಲಿಸಿ, ವಾರ್ಧಕ್ಯಕ್ಕೆ ಸಂದ ಭಾರಿ ಗೆಲಕ್ಸಿಗಳು ಕಂಡುಬಂದಿದ್ದುವು. ಮುದುಕನಿದ್ದ ಮೇಲೆ ಅವನಿಗೊಂದು ಯೌವನವೂ ಇದ್ದಿರಲೇಬೇಕು. ಆದರೆ ಆ ಮುದುಕರ ಸಂಖ್ಯೆಗೆ ತಕ್ಕಷ್ಟು ತರುಣರು ಅದಕ್ಕಿಂತ ಹಿಂದಿನ ಕಾಲದಲ್ಲಿ ಹಬಲ್ಲಿಗೆ ಕಂಡಿರಲಿಲ್ಲ. ಆ ತರುಣರು ಧೂಳಿನ ಮುಸುಕಿನೊಳಗಿದ್ದರೆಂದು ತಿಳಿದಾಗ ಸರಪಳಿಯ ಕೊಂಡಿ ಕೂಡಿತು. ಈ ಗೆಲಕ್ಸಿಗಳೇ ಮುಂದೆ ಗೆಲಕ್ಸಿಗುಚ್ಛಗಳ ನಡುವೆ ಇಂದು ಕಾಣುವ ಬೃಹತ್ ದೀರ್ಘವೃತ್ತಾಕಾರದ ಗೆಲಕ್ಸಿಗಳಾಗಿ ಪರಿಣಮಿಸಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

೨೦೨೧ರ ಡಿಸೆಂಬರ್ ೨೫ರಂದು ಹಾರಿದ ಜೇಮ್ಸ್ ವೆಬ್ ದೂರದರ್ಶಕವು ೬.೫ ಮೀಟರ್ ವ್ಯಾಸದ ಕನ್ನಡಿಯೊಡನೆ ಈ ಶೋಧಕ್ಕೆ ಹೊಸ ಯುಗವನ್ನು ತೆರೆಯಿತು. ಹಬಲ್ಲಿಗೆ ಕತ್ತಲೆಯಾಗಿದ್ದ ಎಡೆಗಳಲ್ಲಿ ಅದಕ್ಕೆ ಗೆಲಕ್ಸಿಗಳ ಆಕಾರವೂ ಕಂಡಿತು. ಕಾಲು ಶತಮಾನದಿಂದ ಅಡಗಿದ್ದ ಎಚ್‌ಡಿಎಫ್ ೮೫೦.೧ರ ನಕ್ಷತ್ರಗಳ ಬೆಳಕೇ ಅದರ ಕಣ್ಣಿಗೆ ಬಿದ್ದಿತು; ಅದು ಒಂಟಿಯಲ್ಲ, ಸುಮಾರು ನೂರು ಗೆಲಕ್ಸಿಗಳ ದಟ್ಟಣೆಯ ನಡುವೆ ಇದೆಯೆಂದೂ ತಿಳಿಯಿತು. ಆದರೆ ಬೆಳಕು ಹೆಚ್ಚಿದ ಮಾತ್ರಕ್ಕೆ ಭ್ರಾಂತಿ ಹರಿಯುವುದಿಲ್ಲವೆಂಬುದಕ್ಕೆ ಈ ಅಧ್ಯಾಯವೇ ಸಾಕ್ಷಿ. ಗೆಲಕ್ಸಿಯೊಂದು ಕೆಂಪಾಗಿ ಕಾಣಲು ಮೂರು ಕಾರಣಗಳುಂಟು. ಅದು ಅತಿ ದೂರದಲ್ಲಿರಬಹುದು. ಅದರಲ್ಲಿ ಧೂಳು ತುಂಬಿರಬಹುದು. ಅದರ ನಕ್ಷತ್ರಗಳು ಮುಪ್ಪಾಗಿರಬಹುದು. ಬಣ್ಣವೊಂದನ್ನೇ ನೋಡಿ ಈ ಮೂರರಲ್ಲಿ ಯಾವುದೆಂದು ನಿರ್ಧರಿಸುವುದು ಹಗ್ಗವನ್ನು ಹಾವೆಂದು ಕಾಣುವ ಅಪಾಯಕ್ಕೆ ಎಡೆಗೊಡುತ್ತದೆ. ೨೦೨೨ರಲ್ಲಿ ಒಂದು ಕೆಂಪು ಬಿಂದುವಿನ ಪಲ್ಲಟ ೧೬ರಷ್ಟಿರಬಹುದೆಂದು, ಅಂದರೆ ಅದು ಮಹಾಸ್ಫೋಟದ ನಂತರ ೨೫ ಕೋಟಿ ವರ್ಷದೊಳಗಿನದೆಂದು, ಬಣ್ಣಗಳ ಆಧಾರದಿಂದ ಅಂದಾಜಿಸಲಾಯಿತು. ೨೦೨೩ರಲ್ಲಿ ರೋಹಿತವನ್ನು ತೆಗೆದು ನೋಡಿದರೆ ಪಲ್ಲಟ ಕೇವಲ ೪.೯! ಧೂಳಿನ ಕೆಂಪೂ ಪ್ರಬಲವಾದ ರೋಹಿತರೇಖೆಗಳೂ ಕೂಡಿ ದೂರದ ವೇಷವನ್ನು ತಾಳಿದ್ದುವು. ಅದೇ ವರ್ಷ, ಮಹಾಸ್ಫೋಟದ ನಂತರದ ೫೦ ರಿಂದ ೭೦ ಕೋಟಿ ವರ್ಷಗಳಲ್ಲಿಯೇ ಅತಿ ಭಾರಿಯಾಗಿ ಬೆಳೆದಿರಬಹುದೆಂದು ಆರು ಗೆಲಕ್ಸಿಗಳ ವಿಷಯದಲ್ಲಿ ಪ್ರಕಟಣೆ ಹೊರಬಿದ್ದಾಗ, ವಿಶ್ವವಿಜ್ಞಾನದ ಬುನಾದಿಯೇ ಅಲುಗಿತೆಂದು ಪತ್ರಿಕೆಗಳು ಬರೆದುವು. ಅವುಗಳಲ್ಲೊಂದರ ರೋಹಿತ ದೊರೆತಾಗ ಅದು ಅಷ್ಟು ದೂರದಲ್ಲಿಲ್ಲವೆಂದೂ, ಅದರ ಬೆಳಕಿನಲ್ಲಿ ದ್ರವ್ಯವನ್ನು ನುಂಗುತ್ತಿರುವ ಕೃಷ್ಣವಿವರದ ಪಾಲಿದೆಯೆಂದೂ ತಿಳಿಯಿತು. ಆ ಬೆಳಕನ್ನೆಲ್ಲ ನಕ್ಷತ್ರಗಳದೆಂದು ಎಣಿಸಿದುದರಿಂದ ತೂಕದ ಲೆಕ್ಕ ಹಿಗ್ಗಿತ್ತು. ಧೂಳು ಇರುವುದನ್ನು ಮರೆಮಾಡುವುದಷ್ಟೇ ಅಲ್ಲ, ಇಲ್ಲದುದನ್ನು ತೋರಿಸಲೂ ಬಲ್ಲುದು.

ಈ ಎಚ್ಚರಿಕೆಯ ನಂತರವೂ ಉಳಿದುಬಂದ ಸಂಗತಿಗಳು ಸಾಮಾನ್ಯವಲ್ಲ. ೨೦೨೪ರ ನವೆಂಬರಿನಲ್ಲಿ ಜಿನೀವಾ ವಿಶ್ವವಿದ್ಯಾಲಯದ ಮೆಂಗ್ಯುವಾನ್ ಷಿಯಾವೊ ಮತ್ತು ಸಂಗಡಿಗರು, ಬಣ್ಣವನ್ನು ನೆಚ್ಚದೆ ವೆಬ್ ದೂರದರ್ಶಕದ ರೋಹಿತಗಳ ಆಧಾರದಿಂದಲೇ ದೂರವನ್ನು ನಿಶ್ಚಯಿಸಿದ ೩೬ ಭಾರಿ ಗೆಲಕ್ಸಿಗಳ ಅಧ್ಯಯನವನ್ನು ಪ್ರಕಟಿಸಿದರು. ಹೆಚ್ಚಿನವು ಪ್ರಚಲಿತ ಸಿದ್ಧಾಂತಕ್ಕೆ ಒಳಪಟ್ಟುವು. ಆದರೆ ಧೂಳು ದಟ್ಟವಾಗಿ ಮುಸುಕಿದ ಮೂರು ಗೆಲಕ್ಸಿಗಳು, ವಿಶ್ವಕ್ಕೆ ಸುಮಾರು ನೂರು ಕೋಟಿ ವರ್ಷವಾಗಿದ್ದಾಗಲೇ, ಹತ್ತು ಸಾವಿರ ಕೋಟಿ ಸೂರ್ಯರಿಗಿಂತ ಹೆಚ್ಚು ತೂಕದ ನಕ್ಷತ್ರಗಳನ್ನು ಪಡೆದಿದ್ದುವು. ಇವಕ್ಕೆ 'ಕೆಂಪು ದೈತ್ಯರು' ಎಂಬರ್ಥದ ಅಡ್ಡಹೆಸರು ಬಿದ್ದಿತು. ಸಾಮಾನ್ಯವಾಗಿ ಗೆಲಕ್ಸಿಯೊಂದು ತನಗೆ ದೊರೆತ ಅನಿಲದಲ್ಲಿ ಹೆಚ್ಚೆಂದರೆ ಐದರಲ್ಲೊಂದು ಪಾಲನ್ನು ನಕ್ಷತ್ರಗಳನ್ನಾಗಿ ಮಾಡಬಲ್ಲುದು. ಉಳಿದುದನ್ನು ನಕ್ಷತ್ರಸ್ಫೋಟಗಳೂ ಕೃಷ್ಣವಿವರದ ಉಗ್ರತೆಯೂ ಹೊರದೂಡುತ್ತವೆ. ಈ ಮೂರು ಗೆಲಕ್ಸಿಗಳಾದರೋ ಸುಮಾರು ಅರ್ಧದಷ್ಟನ್ನು ನಕ್ಷತ್ರಗಳಾಗಿಸಿದಂತೆ ಕಾಣುತ್ತದೆ. ಇದರಿಂದ ವಿಶ್ವರಚನೆಯ ಮೂಲಸಿದ್ಧಾಂತವೇ ಕುಸಿಯಿತೆಂದಲ್ಲ. ಗೆಲಕ್ಸಿಗಳೊಳಗೆ ನಕ್ಷತ್ರಗಳು ಹುಟ್ಟುವ ಕ್ರಮವನ್ನು ನಾವು ಇನ್ನೂ ಸರಿಯಾಗಿ ಅರಿತಿಲ್ಲವೆಂದು ಅರ್ಥ. ಧೂಳಿನದೂ ಒಂದು ಪ್ರಶ್ನೆಯಿದೆ. ಮುಪ್ಪಾದ ನಕ್ಷತ್ರಗಳು ಧೂಳನ್ನು ಉದುರಿಸಲು ಕಾಲ ಬೇಕು. ಇಷ್ಟು ಬೇಗನೆ ಇಷ್ಟೊಂದು ಧೂಳು ಎಲ್ಲಿಂದ ಬಂದಿತು? ಅಲ್ಪಾಯುಷಿಗಳಾದ ಭಾರಿ ನಕ್ಷತ್ರಗಳ ಸ್ಫೋಟದಿಂದಲೋ, ಅನಿಲದ ನಡುವೆ ಕಣಗಳು ತಾವೇ ಬೆಳೆದುದರಿಂದಲೋ ಎಂಬುದು ಇನ್ನೂ ವಿಚಾರದಲ್ಲಿರುವ ವಿಷಯ.

ಇಂತಹ ಸಂಗತಿಗಳನ್ನು ಓದಿದಾಗ ನಮ್ಮಲ್ಲಿ ಕೆಲವರಿಗೆ ಇದೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂದು ಹೇಳಬೇಕೆನಿಸುವುದು ಸಹಜ. ಮಲಾವರಣವೆಂಬ ಮಾತು ಧೂಳಿಗೂ, ಅಲ್ಲಮಪ್ರಭುವಿನ ವಚನಗಳ ಬಯಲೆಂಬ ಮಾತು ಆಕಾಶದ ಅವಕಾಶಕ್ಕೂ ಸುಲಭವಾಗಿ ಅಂಟಿಕೊಳ್ಳುತ್ತವೆ. ಆದರೆ ಆ ಮೋಹವನ್ನು ಬಿಡುವುದೇ ಶರಣರಿಗೂ ವಿಜ್ಞಾನಕ್ಕೂ ನಾವು ಸಲ್ಲಿಸುವ ಗೌರವ. ಮಲವು ಆತ್ಮನ ಸಂಕೋಚ. ಅದನ್ನು ದೂರದರ್ಶಕದಿಂದ ಭೇದಿಸಲಾಗದು. ಬಯಲು ಅನುಭಾವದ ಮಾತು. ಅದನ್ನು ಜ್ಯೋತಿರ್ವರ್ಷಗಳಿಂದ ಅಳೆಯಲಾಗದು. ಧೂಳಿನ ಕಣಕ್ಕೆ ಅಲೆಯುದ್ದವೊಂದೇ ಅಳತೆಗೋಲು. ಎರಡನ್ನೂ ಬೆರೆಸಿದರೆ ವಚನವೂ ತೆಳುವಾಗುತ್ತದೆ, ವಿಜ್ಞಾನವೂ ಕಲುಷಿತವಾಗುತ್ತದೆ. ಹಿರಿಯರಿಂದ ನಾವು ಪಡೆಯಬೇಕಾದುದು ಗೆಲಕ್ಸಿಗಳ ಸುದ್ದಿಯನ್ನಲ್ಲ, ಯಾವ ಜ್ಞಾನಕ್ಕೆ ಯಾವ ಪ್ರಮಾಣ ಎಂದು ಕೇಳುವ ಶಿಸ್ತನ್ನು. ಆ ಶಿಸ್ತು ಮೀಮಾಂಸಕನ ಕೊಡದಲ್ಲಿಯೂ ಇದೆ, ಪಲ್ಲಟ ಹದಿನಾರೆಂದು ಅಂದಾ­ಜಿಸಿದ್ದನ್ನು ಒಂದು ವರ್ಷದೊಳಗೆ ತಾವೇ ಪರೀಕ್ಷಿಸಿ ತಿದ್ದಿಕೊಂಡ ವಿಜ್ಞಾನಿಗಳ ನಡೆಯಲ್ಲಿಯೂ ಇದೆ.

ಕೊನೆಯದಾಗಿ ಧೂಳನ್ನು ಕುರಿತು ಒಂದು ಮಾತು. ಈ ಲೇಖನದುದ್ದಕ್ಕೂ ಅದು ಮರೆಮಾಡುವ ದೋಷಿಯಾಗಿಯೇ ಬಂದಿದೆ. ಆದರೆ ಅನಿಲವು ತಣಿದು ನಕ್ಷತ್ರವಾಗಿ ಕುಗ್ಗಲು ನೆರವಾಗುವುದೂ ಅದೇ. ಎಳೆಯ ನಕ್ಷತ್ರದ ಸುತ್ತ ಕಣಕ್ಕೆ ಕಣ ಕೂಡಿ ಗ್ರಹವಾಗುವುದೂ ಅದೇ. ನಾವು ನಿಂತ ನೆಲ, ನಮ್ಮ ನೆತ್ತರಿನ ಕಬ್ಬಿಣ, ಒಲೆಯ ಕೆಂಡದ ಇಂಗಾಲ ಎಲ್ಲವೂ ಒಂದು ಕಾಲಕ್ಕೆ ನಕ್ಷತ್ರಗಳ ನಡುವೆ ಅಲೆದ ಅನಿಲ ಮತ್ತು ಧೂಳು. ಆದಿ ಗೆಲಕ್ಸಿಗಳನ್ನು ನಮ್ಮಿಂದ ಮರೆಸಿದ ಆ ಧೂಳು, ನುಂಗಿದ ಬೆಳಕನ್ನು ಕಾವಾಗಿಸಿ ಸಾವಿರಾರು ಕೋಟಿ ವರ್ಷಗಳ ದಾರಿಗೆ ಬಿಟ್ಟಿತು. ಆ ಕಾವನ್ನು ಗ್ರಹಿಸಲು ಅಂಗೈ ಚಾಚುವಷ್ಟು ವಿನಯ ನಮಗೆ ಬರುವುದು ತಡವಾಯಿತು, ಅಷ್ಟೆ.